ಎರಡು ನಾಲಿಗೆ, ಒಂದು ದೋಸೆ: ದಾವಣಗೆರೆಯಲ್ಲಿ ಇಬ್ಬರು ಕೂಡಿ ಹೋಟೆಲು ವಿಮರ್ಶೆ ಮಾಡುವ ಬಗೆ

ಎರಡು ನಾಲಿಗೆಯವರು ಅಂದರೆ ನಮ್ಮಲ್ಲಿ ಬೈಗುಳ. ಹೋಟೆಲಿನ ಬಗ್ಗೆ ಬರೆಯುವ ಕೆಲಸಕ್ಕೆ ಮಾತ್ರ ಎರಡು ನಾಲಿಗೆ ಇದ್ದರೇ ಲಾಭ. ಒಬ್ಬರೇ ತಿಂದು ಬರೆದರೆ ಅವರ ಹಸಿವು, ಅವರ ಮನೆಯ ಉಪ್ಪಿನ ರೂಢಿ, ಆವತ್ತಿನ ಸಿಟ್ಟು ಎಲ್ಲ ಸೇರಿಕೊಂಡು ದೋಸೆಯ ತಪ್ಪು ಯಾವುದು, ತಿಂದವರ ತಪ್ಪು ಯಾವುದು ಅಂತ ಬೇರೆ ಮಾಡೋಕಾಗಲ್ಲ. ಇಬ್ಬರು ತಿಂದು, ಮಾತಾಡಿಕೊಳ್ಳುವ ಮುಂಚೆಯೇ ಬೇರೆ ಬೇರೆ ಚೀಟಿಯಲ್ಲಿ ಬರೆದಿಟ್ಟರೆ ಆ ಗೋಜಲು ಅರ್ಧ ಬಿಡಿಸಿಕೊಳ್ಳುತ್ತದೆ. ಎರಡೂ ಚೀಟಿಯಲ್ಲಿ ಇರುವುದು ಹೋಟೆಲಿನದು. ಒಂದರಲ್ಲಿ ಮಾತ್ರ ಇರುವುದು ಬಹುಪಾಲು ಆ ನಾಲಿಗೆಯದು. ಮುಂದೆ ಹೇಳುವ ಉಪಾಯಗಳೆಲ್ಲ ಈ ಎರಡು ಚೀಟಿ ಒಂದಕ್ಕೊಂದು ತಾಗದಂತೆ ಕಾಪಾಡಿಕೊಳ್ಳುವುದಕ್ಕೇ.

ಈ ಕೆಲಸ ಕಲಿಯೋಕೆ ದಾವಣಗೆರೆಯಷ್ಟು ಅನುಕೂಲದ ಊರು ಕಡಿಮೆ. ಕಾರಣ ಸರಳ: ಒಂದೇ ತಿಂಡಿಯನ್ನು ಓಣಿ ಓಣಿಯಲ್ಲಿ ಮಾಡುತ್ತಾರೆ. ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ (ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ), ಮಧ್ಯಾಹ್ನಕ್ಕೆ ಖಾನಾವಳಿಯ ಜೋಳದ ರೊಟ್ಟಿ. ಒಂದೇ ಪದಾರ್ಥವನ್ನು ಹತ್ತು ಕಡೆ ತಿಂದವರಿಗೆ ಹನ್ನೊಂದನೆಯದು ಎಲ್ಲಿ ನಿಲ್ಲುತ್ತದೆ ಅಂತ ಹೇಳೋಕೆ ಬರುತ್ತದೆ. ಹತ್ತು ಹೋಟೆಲಲ್ಲಿ ಹತ್ತು ಬಗೆಯ ತಿಂಡಿ ತಿಂದವರಿಗೆ ಏನೂ ಹೇಳೋಕೆ ಬರುವುದಿಲ್ಲ, ಹೊಟ್ಟೆ ತುಂಬಿತು ಅನ್ನುವುದರ ಹೊರತು. ಹಾಗಾಗಿ ಶುರುವಿನಲ್ಲಿ ಮೆನು ಪೂರ್ತಿ ತಿನ್ನುವ ಆಸೆ ಬಿಡಿ. ಮೊದಲ ಎರಡು ತಿಂಗಳು ಒಂದೇ ತಿಂಡಿ ಹಿಡಿಯಿರಿ.

ಜೊತೆಗಾರರನ್ನು ಆರಿಸಿಕೊಳ್ಳುವುದು

ನಿಮ್ಮಂತೆಯೇ ತಿನ್ನುವ ಗೆಳೆಯ ಈ ಕೆಲಸಕ್ಕೆ ಬೇಡ. ಒಬ್ಬರಿಗೆ ಖಾರ ಆಗಬೇಕು, ಇನ್ನೊಬ್ಬರಿಗೆ ಆಗಬಾರದು. ಒಬ್ಬರು ಚಟ್ನಿಯಲ್ಲಿ ಮುಳುಗಿಸಿ ತಿನ್ನುವವರು, ಇನ್ನೊಬ್ಬರು ಚಟ್ನಿ ಮುಟ್ಟಿಸದೆ ತಿನ್ನುವವರು ಆದರೆ ಇನ್ನೂ ಒಳ್ಳೆಯದು. ಬಾಯಿ ಬಿಟ್ಟು ‘ಇಲ್ಲ ಮಾರಾಯ, ಚೆನ್ನಾಗಿಲ್ಲ’ ಅನ್ನುವಷ್ಟು ಸಲುಗೆ ಇಬ್ಬರ ನಡುವೆ ಇರಲೇಬೇಕು. ದಾಕ್ಷಿಣ್ಯದ ಗೆಳೆತನದಲ್ಲಿ ಎರಡು ಚೀಟಿಯೂ ಒಂದೇ ಆಗಿಬಿಡುತ್ತವೆ.

ಹೊರಡುವ ಮುಂಚೆ ಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಒಂದೇ ಮಜ್ಜಿಗೆಯನ್ನು ಮೂರು ಲೋಟಕ್ಕೆ 200 ಮಿಲಿಯಂತೆ ಹಾಕಿ. ಒಂದಕ್ಕೆ ಚಹಾ ಚಮಚದ ಎಂಟರಲ್ಲಿ ಒಂದು ಪಾಲು ಉಪ್ಪು, ಇನ್ನೊಂದಕ್ಕೆ ಕಾಲು ಚಮಚ, ಮತ್ತೊಂದಕ್ಕೆ ಅರ್ಧ ಚಮಚ. ಲೋಟದ ಅಡಿಯಲ್ಲಿ ಗುರುತು ಮಾಡಿ, ಜಾಗ ಅದಲು ಬದಲು ಮಾಡಿ ಇಬ್ಬರೂ ಕುಡಿದು ‘ಸರಿ’ ಅನಿಸಿದ್ದನ್ನು ಬರೆಯಿರಿ. ಒಬ್ಬರಿಗೆ ಕಾಲು ಚಮಚದ್ದು ಸರಿ, ಇನ್ನೊಬ್ಬರಿಗೆ ಅರ್ಧ ಚಮಚದ್ದು ಸರಿ ಅಂತ ಬಂದರೆ, ಮುಂದೆ ಹೋಟೆಲಲ್ಲಿ ಎರಡನೆಯವರು ‘ಉಪ್ಪು ಸಪ್ಪೆ’ ಅಂದಾಗ ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅಂತ ಮೊದಲೇ ಗೊತ್ತಿರುತ್ತದೆ. ಹಸಿಮೆಣಸಿನಕಾಯಿ ಅರೆದು ಖಾರಕ್ಕೂ ಇದನ್ನೇ ಮಾಡಬಹುದು. ಆದರೆ ಒಂದೇ ದಿನ ಎರಡೂ ಬೇಡ. ಖಾರ ಹತ್ತಿದ ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ.

ಯಾವಾಗ ಹೋಗಬೇಕು

ಭಾನುವಾರ ಬೆಳಿಗ್ಗೆ 9 ಗಂಟೆಗೆ ಹೋಗಿ ‘ತುಂಬಾ ಹೊತ್ತು ಕಾಯಿಸಿದರು’ ಅಂತ ಬರೆಯುವುದು ಸಂತೆ ದಿನ ಹೋಗಿ ಗಲಾಟೆ ಅಂದ ಹಾಗೆ. ಒಂದು ಹೋಟೆಲಿಗೆ ಕನಿಷ್ಠ ಎರಡು ಸಲ ಹೋಗಿ: ಒಮ್ಮೆ ವಾರದ ನಡುವಿನ ದಿನ ಬೆಳಿಗ್ಗೆ 7.30ರ ಸುಮಾರಿಗೆ, ಇನ್ನೊಮ್ಮೆ ಸಂಜೆ ಅಥವಾ ಬೆಳಗಿನ ಹೊತ್ತು ಮುಗಿಯುವ ವೇಳೆಗೆ, 11 ಗಂಟೆ ಹತ್ತಿರ. ಬೆಳಿಗ್ಗೆಯ ಹಿಟ್ಟು ಬೇರೆ, 11 ಗಂಟೆಯ ಹಿಟ್ಟು ಬೇರೆ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಹೊರಗಿಟ್ಟ ಹಿಟ್ಟು ಮೂರು ತಾಸಿನಲ್ಲಿ ಎಷ್ಟು ಹುಳಿ ಏರುತ್ತದೆ ಅಂತ ಮನೆಯಲ್ಲಿ ಇಡ್ಲಿ ಮಾಡುವವರಿಗೆಲ್ಲ ಗೊತ್ತು. ಎರಡು ಹೊತ್ತಿಗೂ ಒಂದೇ ರುಚಿ ಕೊಡುವ ಹೋಟೆಲಿದ್ದರೆ ಅಲ್ಲಿ ಹಿಟ್ಟನ್ನು ಎರಡು ಸಲ ಹದ ಮಾಡಿಕೊಳ್ಳುತ್ತಾರೆ ಎಂದರ್ಥ. ಅದನ್ನು ಬರೆಯಲೇಬೇಕು, ಅದು ಸಣ್ಣ ಕೆಲಸವಲ್ಲ.

ಹೊಟ್ಟೆ ಬಿರಿಯುವ ಹಸಿವಿನಲ್ಲಿ ಹೋಗಬೇಡಿ. ಹಸಿದವರಿಗೆ ಎಲ್ಲ ದೋಸೆಯೂ ನಾಲ್ಕೂವರೆ ನಕ್ಷತ್ರದ್ದೇ. ಮನೆಯಿಂದ ಹೊರಡುವಾಗ ಕಾಫಿ ಕುಡಿದು ಹೋದರೆ ನಾಲಿಗೆಯ ಮೇಲೆ ಕಹಿ ಕೂತಿರುತ್ತದೆ. ಒಂದು ಬಾಳೆಹಣ್ಣು ತಿಂದು, ನೀರು ಕುಡಿದು ಹೊರಟರೆ ಸಾಕು. ಎಲೆ ಅಡಿಕೆ, ಗುಟ್ಕಾ ಹಾಕುವವರು ಅವತ್ತು ಊಟದ ತನಕ ಅದನ್ನು ಮುಟ್ಟಬಾರದು, ಇಲ್ಲದಿದ್ದರೆ ಚೀಟಿ ಬರೆಯುವ ಕಷ್ಟವೇ ಬೇಡ.

ಬೆಣ್ಣೆ ದೋಸೆ: ಕಾವಲಿಯಿಂದ ತಟ್ಟೆಯವರೆಗೆ

ಇದೊಂದನ್ನು ಸರಿಯಾಗಿ ನೋಡಲು ಕಲಿತರೆ ಉಳಿದದ್ದು ತಾನಾಗಿ ಬರುತ್ತದೆ.

ಕೆಲಸ ಹಂಚಿಕೊಳ್ಳಿ. ಒಬ್ಬರು ಕಾವಲಿ ಕಾಣುವ ಕಡೆ ಕೂರಬೇಕು, ಇನ್ನೊಬ್ಬರು ಕಾವಲಿಗೆ ಬೆನ್ನು ಹಾಕಿ ಕೂರಬೇಕು. ಕಾವಲಿ ನೋಡುವವರಿಗೆ ದೋಸೆ ಹೇಗಾಗುತ್ತಿದೆ ಅಂತ ಮೊದಲೇ ಗೊತ್ತಾಗುತ್ತದೆ, ಹಾಗಾಗಿ ಅವರ ನಾಲಿಗೆ ಮುಂಚೆಯೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಬೆನ್ನು ಹಾಕಿದವರು ತಟ್ಟೆಯಲ್ಲಿ ಬಂದದ್ದನ್ನಷ್ಟೇ ನೋಡುತ್ತಾರೆ. ಮುಂದಿನ ಹೋಟೆಲಲ್ಲಿ ಜಾಗ ಅದಲು ಬದಲು.

ಆರ್ಡರ್ ಕೊಡುವಾಗ ಇಬ್ಬರೂ ಒಟ್ಟಿಗೆ ಕೊಡಬೇಡಿ. ಮೊದಲನೆಯವರು ಕೂತ ಕೂಡಲೇ ಹೇಳಲಿ, ಎರಡನೆಯವರು ಹತ್ತು ನಿಮಿಷ ಬಿಟ್ಟು. ಒಟ್ಟಿಗೆ ಹೇಳಿದರೆ ಎರಡೂ ಒಂದೇ ಸುತ್ತಿನ ದೋಸೆ ಬರುತ್ತವೆ, ಒಂದೇ ದೋಸೆಯನ್ನು ಇಬ್ಬರು ತಿಂದ ಹಾಗೆ. ಬೇರೆ ಸುತ್ತಿನವಾದರೆ ದೋಸೆ ಹುಯ್ಯುವ ಮಾಸ್ಟರ್ ಕೈ ಎಷ್ಟು ಸ್ಥಿರ ಅಂತ ತಿಳಿಯುತ್ತದೆ. ದೊಡ್ಡ ಕಾವಲಿಯಲ್ಲಿ ನಡುವಿನ ದೋಸೆಗೂ ಅಂಚಿನ ದೋಸೆಗೂ ಬಣ್ಣದಲ್ಲಿ ವ್ಯತ್ಯಾಸ ಬಂದೇ ಬರುತ್ತದೆ, ಸೌದೆ ಒಲೆಯಾದರಂತೂ ಉರಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಪ್ರತಿ ದೋಸೆಯನ್ನೂ ಅರ್ಧ ಅರ್ಧ ಮಾಡಿ ಇಬ್ಬರೂ ತಿನ್ನಿ.

ಕಾವಲಿ ನೋಡುವವರು ಗಮನಿಸಬೇಕಾದದ್ದು ಇಷ್ಟು. ಹಿಟ್ಟು ಹುಯ್ಯುವ ಮುಂಚೆ ಮಾಸ್ಟರ್ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುತ್ತಾರೆ. ನೀರು ಚುಂಯ್ ಅಂತ ತಕ್ಷಣ ಆವಿಯಾದರೆ ಕಾವು ಹದವಾಗಿದೆ. ಹನಿಗಳು ಗೋಲಿಯಂತೆ ಉರುಳಾಡಿದರೆ ಕಾವು ವಿಪರೀತ ಏರಿದೆ. ಆ ಕಾವಿನಲ್ಲಿ ಹುಯ್ದ ಹಿಟ್ಟು ಸೌಟಿನ ತಳಕ್ಕೆ ಹತ್ತಿ ಎದ್ದು ಬರುತ್ತದೆ, ದೋಸೆಯಲ್ಲಿ ಅಲ್ಲಲ್ಲಿ ಬೋಳು ಕಾಣುತ್ತದೆ. ಕಾವು ಕಡಿಮೆಯಿದ್ದರೆ ತೂತು ಏಳುವುದಿಲ್ಲ, ದೋಸೆ ಬಿಳಿಚಿಕೊಂಡು ರಬ್ಬರಿನಂತೆ ಎಳೆಯುತ್ತದೆ. ಬೆಣ್ಣೆ ಯಾವಾಗ ಹಾಕಿದರು ಅನ್ನುವುದೂ ಮುಖ್ಯ. ತೂತು ಬಿಟ್ಟ ಮೇಲೆ ಹಾಕಿದ ಬೆಣ್ಣೆ ಒಳಗಿಳಿಯುತ್ತದೆ. ಹಸಿ ಹಿಟ್ಟಿನ ಮೇಲೆ ಹಾಕಿದ್ದು ಅಂಚಿಗೆ ಜಾರಿ ಕಾವಲಿಯ ಪಾಲಾಗುತ್ತದೆ. ಮಗುಚಿ ಹಾಕಿದರೋ ಇಲ್ಲವೋ ಅದನ್ನೂ ಬರೆದುಕೊಳ್ಳಿ.

ತಟ್ಟೆ ನೋಡುವವರ ಕೆಲಸ ಬೇರೆ. ದೋಸೆ ಬಂದ ಕೂಡಲೇ ಒಂದು ಫೋಟೊ, ಅರ್ಧ ನಿಮಿಷದೊಳಗೆ, ಅಷ್ಟೇ. ನಾಲ್ಕು ನಿಮಿಷ ಕಳೆದರೆ ತನ್ನ ಹಬೆಗೆ ತಾನೇ ಮೆತ್ತಗಾಗುವ ತಿಂಡಿ ಇದು. ಹತ್ತು ಕೋನದಲ್ಲಿ ಫೋಟೊ ತೆಗೆದು ಆಮೇಲೆ ‘ಗರಿಗರಿ ಇರಲಿಲ್ಲ’ ಅಂತ ಬರೆಯುವವರನ್ನು ಕಂಡರೆ ಮಾಸ್ಟರ್‌ಗೆ ಸಿಟ್ಟು ಬರುವುದು ನ್ಯಾಯವೇ. ಮೊದಲ ತುತ್ತು ಚಟ್ನಿಯಿಲ್ಲದೆ, ಅಂಚಿನಿಂದ. ಎರಡನೆಯದು ಚಟ್ನಿಯಿಲ್ಲದೆ, ನಡುವಿನಿಂದ. ಅಂಚು ಮುರಿಯಬೇಕು, ನಡು ಹರಿಯಬೇಕು. ಬೆಣ್ಣೆ ದೋಸೆ ಮಸಾಲೆ ದೋಸೆಗಿಂತ ಚಿಕ್ಕದು, ದಪ್ಪ. ಪೂರ್ತಿ ಕಾಗದದಂತೆ ಗರಿಯಾಗಿದ್ದರೆ ಅದು ಬೇರೆ ತಿಂಡಿ ಆಯಿತು.

ಹರಿದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಸಣ್ಣ ತೂತು ಒಂದೇ ಸಮ ಇದ್ದರೆ ಹಿಟ್ಟು ಚೆನ್ನಾಗಿ ಹುದುಗಿದೆ. ತೂತಿಲ್ಲದೆ ಗಟ್ಟಿಯಾಗಿದ್ದರೆ ಹುದುಗು ಸಾಲದು. ಬಣ್ಣ ಬಾರದೆ ಹುಳಿ ಮುಂದಾಗಿದ್ದರೆ ಹುದುಗು ಮೀರಿದೆ, ಹಿಟ್ಟಿನಲ್ಲಿದ್ದ ಸಕ್ಕರೆಯಂಶ ಹುದುಗಿಗೇ ಖರ್ಚಾಗಿ ಕೆಂಪಾಗಲು ಏನೂ ಉಳಿದಿರುವುದಿಲ್ಲ. ಹಾಗಾದಾಗ ಕೆಲವರು ಚಿಟಿಕೆ ಸಕ್ಕರೆ ಸೇರಿಸುತ್ತಾರೆ, ಅದು ಮೋಸವಲ್ಲ. ದೋಸೆ ಬಲು ಬೇಗ ಕೆಂಪಾಗಿ, ನಾಲಿಗೆಯ ಹಿಂಭಾಗದಲ್ಲಿ ಸೋಪಿನ ಒಗರು ಉಳಿದರೆ ಅಡುಗೆ ಸೋಡ ಹೆಚ್ಚಾಗಿದೆ. ದಾವಣಗೆರೆ ಹಿಟ್ಟಿನಲ್ಲಿ ಅಕ್ಕಿ, ಉದ್ದಿನ ಬೇಳೆ, ಮೆಂತ್ಯದ ಜೊತೆ ನೆನೆಸಿದ ಮಂಡಕ್ಕಿಯನ್ನೂ ರುಬ್ಬಿ ಹಾಕುವುದುಂಟು. ಆ ಹಗುರ ಅದರಿಂದ ಬರುತ್ತದೆ.

ಬೆಣ್ಣೆ ಪರೀಕ್ಷೆಯಲ್ಲಿ ಎಲ್ಲರೂ ಎಡವುವುದು ಬಣ್ಣದಲ್ಲಿ. ಬೆಳ್ಳಗಿದ್ದರೆ ಡಾಲ್ಡಾ ಅನ್ನುತ್ತಾರೆ. ಎಮ್ಮೆ ಹಾಲಿನ ಬೆಣ್ಣೆ ಬೆಳ್ಳಗೇ ಇರುತ್ತದೆ, ಹಳದಿ ಬರುವುದು ಹಸುವಿನದಕ್ಕೆ. ಬಣ್ಣ ಬಿಟ್ಟು ಬಾಯಿ ಕೇಳಿ. ಬೆಣ್ಣೆ ಮೈಕಾವಿಗಿಂತ ಸ್ವಲ್ಪ ಕಡಿಮೆ ಕಾವಿಗೇ ಕರಗುವುದರಿಂದ ನಾಲಿಗೆಯ ಮೇಲೆ ನಿಲ್ಲದೆ ಇಳಿದು ಹೋಗುತ್ತದೆ. ವನಸ್ಪತಿ, ಅಂದರೆ ಡಾಲ್ಡಾದಂಥ ಜಿಡ್ಡು, ಬೆರೆತಿದ್ದರೆ ಅಂಗುಳಿಗೆ ಮೇಣ ಹಚ್ಚಿದಂತೆ ಕೂರುತ್ತದೆ, ಬಿಸಿನೀರು ಕುಡಿದ ಮೇಲೆಯೇ ಬಿಡುವುದು. ತಟ್ಟೆಯಲ್ಲಿ ಉಳಿದ ಜಿಡ್ಡು ಐದಾರು ನಿಮಿಷದ ಮೇಲೆ ಹೇಗೆ ಹೆಪ್ಪುಗಟ್ಟಿತು ಅಂತಲೂ ನೋಡಿ. ಏನೇ ಕಂಡರೂ ‘ಡಾಲ್ಡಾ ಹಾಕುತ್ತಾರೆ’ ಅಂತ ಬರೆಯಬೇಡಿ, ಅದನ್ನು ಹೇಳಬೇಕಾದದ್ದು ಪ್ರಯೋಗಶಾಲೆ. ‘ತಿಂದ ಮೇಲೆ ಅಂಗುಳಲ್ಲಿ ಮೇಣದಂತೆ ಉಳಿಯಿತು, ಇಬ್ಬರಿಗೂ’ ಅಂತ ಬರೆಯಿರಿ. ಓದುವವರಿಗೆ ಅಷ್ಟು ಸಾಕು.

ಆಲೂಗಡ್ಡೆ ಪಲ್ಯವನ್ನು ಬೆರಳಿಂದ ಒಡೆದು ನಡುವಿನದನ್ನು ಮುಟ್ಟಿ. ಹೊರಗೆ ಬೆಚ್ಚಗಿದ್ದು ಒಳಗೆ ತಣ್ಣಗಿದ್ದರೆ ಹಿಂದಿನ ಹೊತ್ತಿನದನ್ನು ಮೇಲೆ ಮೇಲೆ ಬಿಸಿ ಮಾಡಿದ್ದಾರೆ. ಇಲ್ಲಿನ ಪಲ್ಯ ಅರಿಸಿನವಿಲ್ಲದೆ ಬಿಳುಪಾಗಿ, ಸೌಮ್ಯವಾಗಿ ಇರುವುದು ರೂಢಿ, ಬೆಂಗಳೂರಿನ ಹಳದಿ ಪಲ್ಯದ ಅಳತೆಗೋಲು ಹಿಡಿಯಬೇಡಿ. ಚಟ್ನಿಯಲ್ಲಿ ಪುಟಾಣಿ (ಹುರಿಗಡಲೆ) ಹೆಚ್ಚಾದರೆ ಹಿಟ್ಟಿನಂತೆ ಗಂಟಲಿಗೆ ಒತ್ತುತ್ತದೆ, ಕಾಯಿ ಹೆಚ್ಚಾದರೆ ಸಿಹಿ ಮುಂದಾಗುತ್ತದೆ, ಎರಡೂ ಕಡಿಮೆಯಾದರೆ ನೀರು ಬೇರೆಯಾಗಿ ತಟ್ಟೆಯ ಅಂಚಿಗೆ ಓಡುತ್ತದೆ. ಮೇಲೆ ಸಣ್ಣ ನೊರೆ, ತುದಿಯಲ್ಲಿ ಹುಳಿ ಇದ್ದರೆ ಕಾಯಿ ಚಟ್ನಿ ಕೆಡಲು ಶುರುವಾಗಿದೆ. ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ, ಸಪ್ಲೈಯರ್‌ಗೆ ಹೇಳಿ. ಹೇಳಿದಾಗ ಅವರು ಏನು ಮಾಡಿದರು ಅನ್ನುವುದು ವಿಮರ್ಶೆಯ ಅರ್ಧ ಭಾಗ: ಬೇರೆ ಬಟ್ಟಲು ತಂದರೋ, ‘ಎಲ್ಲಾ ತಿಂತಿದಾರೆ ಸಾರ್’ ಅಂದರೋ.

ಒಳಗೇನೂ ತುಂಬದ ಖಾಲಿ ದೋಸೆ, ಮಡಚದೆ ಕೊಡುವ ಓಪನ್ ದೋಸೆ ಎರಡನೆಯ ಭೇಟಿಗೆ ಇಟ್ಟುಕೊಳ್ಳಿ. ಖಾಲಿ ದೋಸೆಯಲ್ಲಿ ಮುಚ್ಚಿಡುವುದಕ್ಕೆ ಬೆಣ್ಣೆಯ ಮರೆ ಕಡಿಮೆ, ಹಿಟ್ಟಿನ ಗುಣ ನೇರವಾಗಿ ಸಿಗುತ್ತದೆ. ಹೋಟೆಲಿನ ನಿಜವಾದ ಕೈ ನೋಡಬೇಕೆನ್ನುವವರಿಗೆ ಬೆಣ್ಣೆ ದೋಸೆಗಿಂತ ಇದೇ ಒಳ್ಳೆಯ ಪರೀಕ್ಷೆ ಅನ್ನುವುದು ನಮ್ಮ ಅಭಿಪ್ರಾಯ. ದೋಸೆ ಪ್ರಿಯರು ಒಪ್ಪುವುದು ಕಷ್ಟ.

ಮಂಡಕ್ಕಿ ಮೆಣಸಿನಕಾಯಿ

ಸಂಜೆಯ ಗಾಡಿಗಳ ಬಗ್ಗೆ ಬರೆಯುವಾಗ ನೋಡಬೇಕಾದದ್ದು ಎಣ್ಣೆ ಮತ್ತು ಹೊತ್ತು. ಎಣ್ಣೆ ಕಪ್ಪಾಗಿ, ಮಂದವಾಗಿ, ಕರಿಯುವಾಗ ಸಣ್ಣ ನೊರೆ ಎದ್ದು ಇಳಿಯದೆ ನಿಂತರೆ ಅದು ಬಹಳ ಸಲ ಕಾದ ಎಣ್ಣೆ. ಎಣ್ಣೆ ಮತ್ತೆ ಮತ್ತೆ ಕಾದಾಗ ಹೆಚ್ಚುವ ಟೋಟಲ್ ಪೋಲಾರ್ ಕಾಂಪೌಂಡ್ ಅನ್ನುವ ಅಂಶ ಶೇ. 25 ದಾಟಿದರೆ ಬಳಸಬಾರದು ಅಂತ 2018ರ ಜುಲೈನಿಂದ ನಿಯಮವಿದೆ. ಕಣ್ಣಿಗೆ ಶೇಕಡಾ ಕಾಣುವುದಿಲ್ಲ, ವಾಸನೆ ಮಾತ್ರ ತಿಳಿಯುತ್ತದೆ.

ಮೆಣಸಿನಕಾಯಿ ಕಚ್ಚಿದಾಗ ಹಿಟ್ಟಿನ ಹೊದಿಕೆ ಕೈಯಲ್ಲೇ ಉಳಿದು ಕಾಯಿ ಮಾತ್ರ ಬಾಯಿಗೆ ಬಂದರೆ, ತೊಳೆದ ಕಾಯಿಯನ್ನು ಒರೆಸದೆ ಅದ್ದಿದ್ದಾರೆ, ಇಲ್ಲವೇ ಹಿಟ್ಟು ನೀರಾಗಿದೆ. ಹೊರಗೆ ಕಂದಾಗಿ ಒಳಗೆ ಹಸಿ ಕಡಲೆಹಿಟ್ಟು ಇದ್ದರೆ ಎಣ್ಣೆ ಮಿತಿಮೀರಿ ಕಾದಿತ್ತು. ಹಿಂಡಿದರೆ ಎಣ್ಣೆ ಸುರಿದರೆ ಎಣ್ಣೆ ಕಾದಿರಲಿಲ್ಲ ಅಥವಾ ಸೋಡ ಹೆಚ್ಚು. ಈ ಮೂರನ್ನು ಬೇರೆ ಬೇರೆ ಹೇಳಲು ಬಂದರೆ ‘ಮಿರ್ಚಿ ಓಕೆ’ ಅನ್ನುವ ಸಾಲಿನ ಅಗತ್ಯವೇ ಬೀಳುವುದಿಲ್ಲ.

ಖಾರ ಮಂಡಕ್ಕಿಯನ್ನು ನಿಮ್ಮ ಕಣ್ಣೆದುರು ಕಲಸಿದರೆ ಒಂದು ರುಚಿ, ಮೊದಲೇ ಕಲಸಿ ಪುಟ್ಟಿಯಲ್ಲಿ ಇಟ್ಟದ್ದು ಇನ್ನೊಂದು. ಟೊಮೆಟೊ, ಈರುಳ್ಳಿಯ ನೀರು ಬಿಟ್ಟ ಕೂಡಲೇ ಮಂಡಕ್ಕಿ ಮೆತ್ತಗಾಗತೊಡಗುತ್ತದೆ. ಅರ್ಧ ತಕ್ಷಣ ತಿನ್ನಿ, ಉಳಿದರ್ಧ ಐದು ನಿಮಿಷ ಬಿಟ್ಟು. ಐದು ನಿಮಿಷದ ಮೇಲೂ ಕರುಕುರು ಉಳಿದಿದ್ದರೆ ಮಂಡಕ್ಕಿ ಹೊಸದು. ಊರಲ್ಲಿ ಮಂಡಕ್ಕಿ ಭಟ್ಟಿಗಳೇ ಇರುವಾಗ ಹಳಸಲು ಮಂಡಕ್ಕಿ ಕೊಡುವವರಿಗೆ ರಿಯಾಯಿತಿ ಬೇಕಿಲ್ಲ. ಒಗ್ಗರಣೆ ಮಂಡಕ್ಕಿಗೆ ಲೆಕ್ಕ ಬೇರೆ, ಅದು ನೆನೆಸಿ ಹಿಂಡಿದ್ದು, ಮೆತ್ತಗಿರಲೇಬೇಕು. ಅಲ್ಲಿ ನೋಡಬೇಕಾದದ್ದು ಪುಟಾಣಿ ಹಿಟ್ಟು ಗಂಟು ಕಟ್ಟಿದೆಯೇ ಎಂದು.

ಖಾನಾವಳಿ

ಮಧ್ಯಾಹ್ನ 12.45ಕ್ಕೆ ಒಬ್ಬರು, 2.30ಕ್ಕೆ ಇನ್ನೊಬ್ಬರು ಹೋಗುವುದು ಇಲ್ಲಿ ಜೊತೆಗೆ ಹೋಗುವುದಕ್ಕಿಂತ ಲೇಸು. ಖಾನಾವಳಿಯ ಪರೀಕ್ಷೆ ಮೊದಲ ರೊಟ್ಟಿಯಲ್ಲಿಲ್ಲ, ಮೂರನೆಯದರಲ್ಲಿದೆ. ಮೊದಲನೆಯದು ಎಲ್ಲ ಕಡೆ ಬಿಸಿ. ಬಿಸಿ ಜೋಳದ ರೊಟ್ಟಿ ಮಡಚಿದರೆ ಸೀಳಬಾರದು, ಎರಡು ಪದರ ಬಿಡಬೇಕು. ಮಡಚಿದಲ್ಲಿ ಮುರಿದರೆ ಹಿಟ್ಟಿಗೆ ಹಾಕಿದ ನೀರು ಸಾಲದಷ್ಟು ಬಿಸಿಯಾಗಿರಲಿಲ್ಲ, ಇಲ್ಲವೇ ನಾದಿದ್ದು ಸಾಲದು. ಕೊನೆಗೆ ಸಣ್ಣ ಕಹಿ ಉಳಿದರೆ ಹಿಟ್ಟು ಹಳೆಯದು.

ಎಣ್ಣೆಗಾಯಿಯಲ್ಲಿ ಬದನೆಕಾಯಿಯ ತೊಟ್ಟಿನ ಬುಡ ಬೆಂದಿದೆಯೇ ನೋಡಿ, ಅಲ್ಲಿ ಬೆಂದಿದ್ದರೆ ಎಲ್ಲ ಕಡೆ ಬೆಂದಿದೆ. ಶೇಂಗಾ ಪುಡಿಗೆ ಹಳಸಲು ವಾಸನೆ ಬೇಗ ಹತ್ತುತ್ತದೆ, ಚಟ್ನಿಪುಡಿಯನ್ನು ಮೂಗಿಗೆ ಹಿಡಿದ ಮೇಲೆಯೇ ಮೊಸರು ಹಾಕಿಕೊಳ್ಳಿ. ಹಸಿ ಮೆಂತ್ಯ, ಸೌತೆಕಾಯಿ ಕೊಟ್ಟರೆ ಮಣ್ಣು ಕರಕರ ಅನ್ನುತ್ತದೆಯೇ ಅನ್ನುವುದೂ ಒಂದು ಸಾಲು.

ಚಿತ್ರದುರ್ಗದ ಕಡೆ ಹೋದರೆ ರಾಗಿ ಮುದ್ದೆಯ ಊಟವೂ ಸಿಗುತ್ತದೆ. ಮುದ್ದೆ ಮುರಿದಾಗ ಒಳಗೆ ಒಣ ಹಿಟ್ಟಿನ ಗಂಟು ಇರಬಾರದು, ಒದ್ದೆ ಬೆರಳಿಗೆ ಅಂಟಬಾರದು. ಅಂಟಿದರೆ ಬೆಂದಿದ್ದು ಸಾಲದು. ಹೆದ್ದಾರಿ ಬದಿಯ ಹೋಟೆಲುಗಳನ್ನು ಊರೊಳಗಿನವುಗಳ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಲ್ಲಿ ಬಸ್ಸು ನಿಂತಾಗ ನಲವತ್ತು ಜನ ಒಟ್ಟಿಗೆ ಇಳಿಯುತ್ತಾರೆ. ಬಸ್ಸಿಲ್ಲದ ಹೊತ್ತಿಗೊಮ್ಮೆ, ಬಸ್ಸು ಬಂದ ಹೊತ್ತಿಗೊಮ್ಮೆ ತಿಂದು ಎರಡನ್ನೂ ಬರೆಯುವುದೇ ದಾರಿ.

ಗೋಡೆ, ಕೈ ತೊಳೆಯುವ ಜಾಗ, ಬಿಲ್ಲು

ಇದಕ್ಕೆ ಹೆಚ್ಚು ಹೊತ್ತು ಬೇಡ. ಕೈ ತೊಳೆಯಲು ಹೋದಾಗ ಸೋಪು ಇದೆಯೇ, ಹಿಟ್ಟಿನ ಪಾತ್ರೆ ಮುಚ್ಚಿದೆಯೇ, ಟೇಬಲ್ ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸುತ್ತಾರೆಯೇ, ಈ ಮೂರು ಸಾಕು. ಗಲ್ಲಾದ ಹತ್ತಿರ ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಇರಬೇಕು, 2022ರ ಜನವರಿಯಿಂದ ಬಿಲ್ಲಿನ ಮೇಲೂ. ಕೇಳದೆ ಅಡುಗೆಮನೆಗೆ ನುಗ್ಗಬೇಡಿ.

ಸಾಮಾನ್ಯ ಹೋಟೆಲುಗಳ ಬಿಲ್ಲಿನಲ್ಲಿ ಜಿಎಸ್‌ಟಿ ಶೇ. 5, ಅಂದರೆ ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ಸಣ್ಣ ವ್ಯಾಪಾರಿಗಳಿಗಿರುವ ಕಾಂಪೊಸಿಷನ್ ತೆರಿಗೆ ಯೋಜನೆಯಲ್ಲಿರುವ ಹೋಟೆಲು ಗಿರಾಕಿಯಿಂದ ತೆರಿಗೆ ಬೇರೆಯಾಗಿ ಪಡೆಯುವಂತಿಲ್ಲ. ದೊಡ್ಡ ರೆಸ್ಟೋರೆಂಟುಗಳಲ್ಲಿ ‘ಸರ್ವಿಸ್ ಚಾರ್ಜ್’ ತಾನಾಗಿ ಸೇರಿಸಿದ್ದರೆ ತೆಗೆಸಬಹುದು, 2022ರ ಜುಲೈನ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಹಾಗೆ ಹೇಳುತ್ತದೆ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915. ಬಿಲ್ಲಿನ ಫೋಟೊ ಇಟ್ಟುಕೊಳ್ಳಿ, ಆರು ತಿಂಗಳ ಮೇಲೆ ಬೆಲೆ ಏರಿದ್ದು ಅದರಿಂದಲೇ ತಿಳಿಯುವುದು. ಬೆಲೆ ಬರೆಯುವಾಗ ತಟ್ಟೆಗೆ ಎಷ್ಟು ದೋಸೆ ಅನ್ನುವುದನ್ನೂ ಬರೆಯಿರಿ. ಅದಿಲ್ಲದೆ ಬೆಲೆ ಅರ್ಥವಿಲ್ಲದ ಸಂಖ್ಯೆ.

ದುಡ್ಡು ನಿಮ್ಮದೇ ಆಗಿರಬೇಕು. ಮಾಲೀಕರು ಗುರುತು ಹಿಡಿದು ‘ಬಿಲ್ಲು ಬೇಡ ಬಿಡಿ’ ಅಂದರೆ ಕೊಟ್ಟೇ ಎದ್ದು ಬನ್ನಿ, ಕೊಡಲಾಗದೆ ಹೋದರೆ ವಿಮರ್ಶೆಯ ಮೊದಲ ಸಾಲಿನಲ್ಲೇ ಅದನ್ನು ಹೇಳಿ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಅನ್ನುವ ಮಾನಕ ತಂದಿದೆ. ಕಾಸು ಕೊಟ್ಟು ಬರೆಸಿದ್ದಕ್ಕೆ ಅದರಲ್ಲಿ ಜಾಗವಿಲ್ಲ.

ಎರಡು ಚೀಟಿ ಒಂದಾಗುವುದು

ಹೋಟೆಲಿನಿಂದ ಹೊರಬಂದು, ಗಾಡಿ ಹತ್ತುವ ಮುಂಚೆ, ಮಾತಾಡದೆ ಬರೆಯಿರಿ. ಮೊಬೈಲಿನಲ್ಲಾದರೂ ಸರಿ, ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ‘ಹೇಗಿತ್ತು?’ ಅನ್ನುವ ಒಂದು ಮಾತಿಗೆ ಎರಡನೆಯ ಚೀಟಿ ಹಾಳಾಗುತ್ತದೆ. ಐದಕ್ಕೆ ಎಷ್ಟು ಅಂತ ಅಂಕವನ್ನೂ ಆಗಲೇ ಹಾಕಿ.

ಅಂಕಗಳ ಸರಾಸರಿ ತೆಗೆಯಬೇಡಿ. ಒಬ್ಬರು 5, ಒಬ್ಬರು 2 ಕೊಟ್ಟಾಗ ಮೂರೂವರೆ ಅಂತ ಬರೆದರೆ, ಅದು ಇಬ್ಬರಲ್ಲಿ ಯಾರೂ ತಿನ್ನದ ದೋಸೆಗೆ ಕೊಟ್ಟ ಅಂಕ. ಅರ್ಧ ಅಂಕದ ವ್ಯತ್ಯಾಸವಿದ್ದರೆ ಒಪ್ಪಂದ ಮಾಡಿಕೊಳ್ಳಿ. ಒಂದಕ್ಕಿಂತ ಹೆಚ್ಚಿದ್ದರೆ ಎರಡನ್ನೂ ಬರೆದು ಕಾರಣ ಹೇಳಿ. ಮಾದರಿಗೆ ಎರಡು ಚೀಟಿ:

ಮೊದಲನೆಯದು: ‘ಬುಧವಾರ 7.40. ಅಂಚು ಗರಿ, ನಡು ಮೆತ್ತಗೆ, ತೂತು ಸಮ. ಬೆಣ್ಣೆ ಧಾರಾಳ. ಚಟ್ನಿ ಖಾರ ಕಡಿಮೆ. ಪಲ್ಯ ಸ್ವಲ್ಪ ತಣ್ಣಗೆ. 4.’

ಎರಡನೆಯದು: ‘ಎರಡನೇ ಸುತ್ತು, 7.55. ತಳ ಬಿಳಿ, ಒಂದು ಕಡೆ ಹಸಿ. ಪಲ್ಯದ ನಡು ತಣ್ಣಗೆ. ಚಟ್ನಿ ಚೆನ್ನಾಗಿದೆ. 2.5.’

ಇದರಲ್ಲಿ ಪಲ್ಯ ತಣ್ಣಗಿತ್ತು ಅನ್ನುವುದು ಇಬ್ಬರಲ್ಲೂ ಇದೆ, ಅದು ಹೋಟೆಲಿನದು. ಚಟ್ನಿಯ ಖಾರ ನಾಲಿಗೆಯದು. ದೋಸೆಯ ವ್ಯತ್ಯಾಸ ನಾಲಿಗೆಯದೂ ಅಲ್ಲ, ಎರಡು ಸುತ್ತಿನದು, ಅರ್ಧ ಅರ್ಧ ತಿಂದಿದ್ದರಿಂದ ಖಾತ್ರಿ ಮಾಡಿಕೊಳ್ಳಬಹುದು. ಕೂಡಿಸಿ ಬರೆದರೆ ಹೀಗಾಗುತ್ತದೆ: ‘ಬುಧವಾರ ಬೆಳಿಗ್ಗೆ ಹದಿನೈದು ನಿಮಿಷದ ಅಂತರದಲ್ಲಿ ಎರಡು ತಟ್ಟೆ ತಿಂದೆವು. ಮೊದಲ ಸುತ್ತಿನ ದೋಸೆ ಅಂಚು ಗರಿಯಾಗಿ ನಡು ಮೆತ್ತಗೆ ಬಂದಿತ್ತು, ಎರಡನೆಯದು ಕಾವಲಿ ಆರಿದ ಹಾಗೆ ಒಂದು ಕಡೆ ಹಸಿ. ಪಲ್ಯ ಎರಡು ಸಲವೂ ತಣ್ಣಗಿತ್ತು. ಬೆಣ್ಣೆ ಕೈಬಿಚ್ಚಿ ಹಾಕುತ್ತಾರೆ. ಚಟ್ನಿ ಖಾರ ತಿನ್ನುವವರಿಗೆ ಸಪ್ಪೆ, ಮಕ್ಕಳಿಗೆ ಸರಿ. 4 ಮತ್ತು 2.5.’ ಐದಾರು ಸಾಲು. ಓದಿದವರು ಹೋಗಬೇಕೋ ಬೇಡವೋ ತಾವೇ ಲೆಕ್ಕ ಹಾಕುತ್ತಾರೆ.

ಸೂಪರ್, ಬೊಂಬಾಟ್, ಬಾಯಲ್ಲಿ ನೀರೂರಿತು, ಒಮ್ಮೆಯಾದರೂ ಭೇಟಿ ಕೊಡಿ. ಇಂಥವನ್ನು ಬರೆದ ಮೇಲೆ ಹುಡುಕಿ ಅಳಿಸಿ. ಅಳಿಸಿದ ಮೇಲೆ ಏನೂ ಉಳಿಯದಿದ್ದರೆ ನೀವು ಅವತ್ತು ತಿಂದಿದ್ದೀರಿ, ನೋಡಿಲ್ಲ.

ಫೋಟೊಕ್ಕೆ ಕಿಟಕಿ ಬದಿಯ ಟೇಬಲ್ ಹಿಡಿಯಿರಿ. ಟ್ಯೂಬ್‌ಲೈಟ್ ಕೆಳಗೆ ಬೆಣ್ಣೆಯ ಬಣ್ಣ ಹಸಿರು ಹೊಡೆಯುತ್ತದೆ, ಸ್ಟೀಲ್ ತಟ್ಟೆ ಹೊಳಪಿಗೆ ದೋಸೆ ಕಪ್ಪಾಗಿ ಕಾಣುತ್ತದೆ. ಒಟ್ಟು ಎರಡು ಸಾಕು: ದೋಸೆ ಬಂದ ಕೂಡಲೇ ತೆಗೆದ ಪೂರ್ತಿ ತಟ್ಟೆಯದು ಒಂದು, ಆಮೇಲೆ ಹರಿದ ಅಂಚಿನ ತೂತು ಕಾಣುವ ಹಾಗೆ ಒಂದು. ಪಕ್ಕದ ಟೇಬಲ್ಲಿನವರ ಮುಖ ಬರಬಾರದು. ಮಾಸ್ಟರ್ ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ, ಬಹಳ ಜನ ಖುಷಿಯಿಂದಲೇ ನಿಲ್ಲುತ್ತಾರೆ.

ಎಚ್ಚರ ಬೇಕಾದ ಕಡೆ

ರಾತ್ರಿ ಹೊಟ್ಟೆ ಕೆಟ್ಟರೆ ಬೆಳಗಿನ ಹೋಟೆಲಿನ ಮೇಲೆ ಹಾಕಬೇಡಿ. ಕೆಲವು ವಿಷಾಹಾರ ಅರ್ಧ ತಾಸಿನಲ್ಲೇ ತೋರುತ್ತದೆ, ಕೆಲವಕ್ಕೆ ಒಂದೆರಡು ದಿನವೂ ಹಿಡಿಯುತ್ತದೆ. ಕೊನೆಗೆ ತಿಂದದ್ದೇ ಕಾರಣ ಅನ್ನುವಂತಿಲ್ಲ. ಇಬ್ಬರಿಗೂ ಒಂದೇ ಹೊತ್ತಿಗೆ ಕೆಟ್ಟು, ಇಬ್ಬರೂ ಒಟ್ಟಿಗೆ ತಿಂದದ್ದು ಅದೊಂದೇ ಆಗಿದ್ದರೆ ಅನುಮಾನಕ್ಕೆ ಬಲ ಬರುತ್ತದೆ. ಆಗಲೂ ಹೋಗಬೇಕಾದದ್ದು ಮೊದಲು ವೈದ್ಯರ ಹತ್ತಿರ, ಆಮೇಲೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು. ವಿಮರ್ಶೆ ಆಮೇಲಿನ ಮಾತು.

ಸಾಬೀತು ಮಾಡಲಾಗದ ಆರೋಪ ಬರೆದರೆ ಮಾನಹಾನಿಯ ಮಾತು ಬರುತ್ತದೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ‘ಕಲಬೆರಕೆ ಮಾಡುತ್ತಾರೆ’ ಅನ್ನುವುದು ಆರೋಪ. ‘ಇಂಥ ದಿನ, ಇಂಥ ಹೊತ್ತಿಗೆ, ಚಟ್ನಿ ಹುಳಿಯಾಗಿತ್ತು, ಹೇಳಿದ ಮೇಲೆ ಬದಲಿಸಿ ಕೊಟ್ಟರು’ ಅನ್ನುವುದು ನೀವು ಕಂಡದ್ದು. ಸಪ್ಲೈಯರ್ ಹುಡುಗನ ಹೆಸರು ಹಾಕಿ ಬೈಯಬೇಡಿ. ಅವನ ಕೆಲಸ ಹೋದರೆ ಪಲ್ಯ ಬಿಸಿಯಾಗುವುದಿಲ್ಲ.

ಬರೆದದ್ದಕ್ಕೆ ತಾರೀಖು ಇರಲೇಬೇಕು. ದೋಸೆ ಹೋಟೆಲಿನ ರುಚಿ ಬೋರ್ಡಿನದಲ್ಲ, ಕಾವಲಿ ಮುಂದೆ ನಿಂತವರದು. ಮಾಸ್ಟರ್ ಬದಲಾದ ಸುದ್ದಿ ಬಂದರೆ ಹಳೆಯ ವಿಮರ್ಶೆಯನ್ನು ಅಳಿಸದೆ ಅದರ ಕೆಳಗೆ ‘ಈಗ ಬೇರೆ ಕೈ’ ಅಂತ ಸೇರಿಸಿ. ಆಮೇಲೆ ಇಬ್ಬರೂ ಮತ್ತೆ ಹೋಗಿ, ಈ ಸಲ ಜಾಗ ಬದಲಿಸಿ ಕೂತು, ಮೊದಲು ಖಾಲಿ ದೋಸೆ ಹೇಳಿ.